ಮೊದಲ ಸಾಲಿನ ಶ್ರೀ

ಕಮಲಾಪುರದಿಂದ ಸೂರ್ಯಕಾಂತನ ಫೋನು ಬಂದಾಗ ಚಂದಮ್ಮ ತಕ್ಕಡಿಯ ತಂತಿಗೆ ಬೆಸುಗೆ ಹಾಕುತ್ತಿದ್ದಳು. ಜಯತೀರ್ಥ ರಿಸೀವರನ್ನು ಕಿವಿಯಿಂದ ಗೇಣು ದೂರ ಹಿಡಿದದ್ದು ನೋಡಿಯೇ ಆ ಕಡೆಯವನ ದನಿ ಎಷ್ಟು ಏರಿದೆ ಎಂದು ಅವಳಿಗೆ ಗೊತ್ತಾಯಿತು.

ಕಪನೂರಿನ ಆ ಶೆಡ್ಡಿನಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಗಳ ರಿಪೇರಿ ನಡೆಯುತ್ತಿತ್ತು. ಖೂಬಾ ಪ್ಲಾಟಿನ ಜಯತೀರ್ಥ ಅದರ ಮಾಲಕ, ಇಂಜಿನಿಯರಿಂಗ್ ಓದಿದವನು. ಸೊನ್ನೆ ಹಿಡಿಯುವುದು, ಮುಳ್ಳಿಲ್ಲದ ತಕ್ಕಡಿಯ ಅಲುಗಾಟ ಕಳೆಯುವುದು, ಹೀಗೆ ಎಲ್ಲ ತಕ್ಕಡಿಗೂ ಬೇಕಾಗುವ ಲೆಕ್ಕಗಳನ್ನು ಅವನು ಸಿ ಭಾಷೆಯಲ್ಲಿ ಚಿಕ್ಕದೊಂದು ಲೈಬ್ರರಿಯಾಗಿ ಬರೆದಿದ್ದ. ಯಾರು ಬೇಕಾದರೂ ತಮ್ಮ ಯಂತ್ರದ ಪ್ರೋಗ್ರಾಮಿನೊಳಗೆ ಅದನ್ನು ಕೂರಿಸಿಕೊಳ್ಳುವಂತಿರಬೇಕು ಎಂಬುದು ಅವನ ಆಸೆ. ಮೊದಲ ಗಿರಾಕಿ ಸೂರ್ಯಕಾಂತ. ಹಾಲು ತೂಗಿ ಚೀಟಿ ಕೊಡುವ ಯಂತ್ರ ಕಟ್ಟುತ್ತಿದ್ದ. ಮರುದಿನ ಡೈರಿಯವರು ಅದನ್ನು ನೋಡಲು ಬರುವವರಿದ್ದರು.

ಇದು ಕೂರದಿದ್ದರೆ ಕಂಪ್ಯೂಟರನ್ನು ಮಾರಿ ಮತ್ತೆ ಬರೀ ರಿಪೇರಿಗೆ ಇಳಿಯುವುದೇ ಎಂದು ಜಯತೀರ್ಥ ಮೊದಲೇ ಹೇಳಿಬಿಟ್ಟಿದ್ದ. ಆ ಮಾತು ಚಂದಮ್ಮನ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತ್ತು. ತಾಜಸುಲ್ತಾನಪುರದಿಂದ ಟೆಂಪೋದಲ್ಲಿ ಬರುವ ಅವಳು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಬೆಸುಗೆ ಕೆಲಸ ಮುಗಿದ ಮೇಲೆ ಕಂಪ್ಯೂಟರಿನ ಮುಂದೆ ಕೂರಲು ಈಚೆಗಷ್ಟೇ ಅಪ್ಪಣೆ ಸಿಕ್ಕಿತ್ತು. ಫೈಲು ನಕಲು ಮಾಡುವುದು, ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸಲು ಕಂಪೈಲ್ ಕೊಡುವುದು ಬರುತ್ತಿತ್ತು. ಸೂರ್ಯಕಾಂತನಿಗೆ ಬಸ್ಸಿನಲ್ಲಿ ಕಳಿಸಿದ ಫ್ಲಾಪಿಗೆ ಲೈಬ್ರರಿಯ ಫೈಲುಗಳನ್ನು ತುಂಬಿದ್ದವಳೂ ಅವಳೇ. ಉಳಿದದ್ದನ್ನು ಅವನ ಬೆನ್ನ ಹಿಂದೆ ನಿಂತು ನೋಡಿ ನೋಡಿ ತಿಳಿದುಕೊಳ್ಳುತ್ತಿದ್ದಳು.

ಫೋನಿಟ್ಟು ಜಯತೀರ್ಥ ತನ್ನ ಕಂಪ್ಯೂಟರಿನಲ್ಲಿ ಇನ್ನೊಮ್ಮೆ ಕಂಪೈಲ್ ಕೊಟ್ಟ. ಒಂದೂ ತಪ್ಪಿಲ್ಲ. ಅಲ್ಲಿ ಪರದೆ ತುಂಬ ತಪ್ಪುಗಳಂತೆ. ಇಲ್ಲಿ ಸರಿಯಿದ್ದದ್ದು ಬಸ್ಸಿನಲ್ಲಿ ಕೂತು ಹೋದಷ್ಟಕ್ಕೇ ಕೆಡುವುದು ಹೇಗೆ? ಚಂದಮ್ಮನಿಗೆ ಹೆದರಿಕೆಗಿಂತ ಅದನ್ನು ನೋಡುವ ಆಸೆಯೇ ಹೆಚ್ಚಾಯಿತು. ತಂತಿಯ ಕೆಲಸ ಬಂದರೆ ಇರಲಿ ಎಂದು ಅವನು ಅವಳನ್ನೂ ಹುಮನಾಬಾದ್ ಬಸ್ಸಿಗೆ ಹತ್ತಿಸಿದ.

ಸೂರ್ಯಕಾಂತನ ಅಂಗಡಿ ರಸ್ತೆಗೇ ಇತ್ತು. ಮುಂದೆ ಅವನ ಕಾಕಾ ಕೆಂಪು ಬಾಳೆಯ ಗೊನೆ ತೂಗುಹಾಕಿಕೊಂಡು ಕೂತಿದ್ದ. ಹಿಂದಿನ ಖೋಲಿಯಲ್ಲಿ ಯಂತ್ರ. ಸೂರ್ಯಕಾಂತ ಪರದೆ ತೋರಿಸಿದ. ಅವನ ಪ್ರೋಗ್ರಾಮಿನ ಮೊದಲ ಸಾಲು ತೂಕದ ಹೆಡರ್ ಫೈಲನ್ನು ಕರೆಯುತ್ತಿತ್ತು. ಲೈಬ್ರರಿಯೊಳಗೆ ಯಾವ ಕೆಲಸಗಳಿವೆ, ಅವನ್ನು ಯಾವ ಹೆಸರಿನಿಂದ ಕೂಗಬೇಕು ಎಂದು ಹೊರಗಿನವರಿಗೆ ತಿಳಿಸುವ ಫೈಲು ಅದು. ಆ ಫೈಲಿನಲ್ಲಿ 'ಬೈಟ್' ಎಂಬ ಮಾತು ಬಂದ ಕೂಡಲೇ ಕಂಪೈಲರ್ ತನಗೆ ಅದರ ಗುರುತೇ ಇಲ್ಲ ಎನ್ನುತ್ತಿತ್ತು.

ಜಯತೀರ್ಥ ಬಹಳ ಹೊತ್ತು ನೋಡಿ, ತಿರುಗಿ ಮೆಲ್ಲಗೆ ಕೇಳಿದ. "ಚಂದಮ್ಮ, ಫ್ಲಾಪಿ ತುಂಬೂವಾಗ ಶ್ರೀ ಹಾಕೀಯೇನು?"

"ಇಲ್ರೀ ಸರ್."

"ಯಾಕ?"

"ಕಾಗದದ ಮ್ಯಾಲ ಬರೀತಾರಲ್ರೀ, ಹಂಗ ಅದಂತ ತಿಳಕೊಂಡೆ. ಅದು ಸಾಮಾನಂತ ಗೊತ್ತಾಗಲಿಲ್ರೀ."

ಸೂರ್ಯಕಾಂತನಿಗೆ ಅರ್ಥವಾಗಲಿಲ್ಲ. ಜಯತೀರ್ಥ ನಾಚುತ್ತ ವಿವರಿಸಿದ. ಅವನ ತಂದೆ ಹಾಲಿನವನಿಗೆ ಬರೆಯುವ ಚೀಟಿಗೂ ತಲೆಯ ಮೇಲೆ ಶ್ರೀ ಹಾಕಿಯೇ ಬರೆಯುವವರು. ಅದೇ ರೂಢಿಯಿಂದ ಇವನೂ ಶ್ರೀ ಎಂಬ ಹೆಡರ್ ಒಂದನ್ನು ಮಾಡಿಕೊಂಡು, ಪ್ರತಿ ಪ್ರೋಗ್ರಾಮಿನ ಮೊದಲ ಸಾಲಿಗೆ ಅದನ್ನೇ ಕರೆಯುತ್ತಿದ್ದ. ಖಾಲಿ ಇರುವುದು ಯಾಕೆಂದು ಬೈಟಿನ ಅರ್ಥವನ್ನು ಅದರಲ್ಲಿ ಬರೆದ. ಆಮೇಲೆ ಕೈಗೆ ಬಂದದ್ದೆಲ್ಲ ಅಲ್ಲಿಗೇ ಸೇರಿತು. ಶ್ರೀ ಯಾವಾಗಲೂ ಮುಂದಿದ್ದದ್ದರಿಂದ ಅದರ ಹಿಂದಿನ ಹೆಡರುಗಳೆಲ್ಲ ಅದಕ್ಕೆ ಒರಗಿ ನಿಂತದ್ದು ಅವನಿಗೆ ಕಾಣಲೇ ಇಲ್ಲ.

ಇದನ್ನೇ ಹುಡುಕಾಡುತ್ತಿದ್ದೆವು, ಹಾಕಿದರೆ ಮುಗಿಯಿತು ಎಂದು ಅವನು ಚೀಲದಲ್ಲಿದ್ದ ಇನ್ನೊಂದು ಫ್ಲಾಪಿಯಿಂದ ಶ್ರೀಯನ್ನು ಸೇರಿಸಿದ. ತಪ್ಪುಗಳು ಕಡಿಮೆಯಾಗಲಿಲ್ಲ, ಬಣ್ಣ ಬದಲಿಸಿದವು. ಶ್ರೀಯಲ್ಲಿ 'ರೇಟ್' ಎಂದರೆ ತೂಕ ಓದುವ ವೇಗ, ಸೂರ್ಯಕಾಂತನಲ್ಲಿ ಹಾಲಿನ ದರ. ಎರಡಕ್ಕೂ ಹೊಡೆದಾಟ ಬಿತ್ತು. ಅಲ್ಲದೆ ಜಯತೀರ್ಥನ ಕಂಪ್ಯೂಟರಿನ ಪ್ರಿಂಟರ್ ಪೋರ್ಟಿನ ವಿಳಾಸವೂ ಅದರಲ್ಲೇ ಇತ್ತು. ಸೂರ್ಯಕಾಂತನ ಯಂತ್ರದೊಳಗಿನ ಪುಟ್ಟ ಸರ್ಕ್ಯೂಟ್ ಬೋರ್ಡಿಗೆ ಅಂಥ ಪೋರ್ಟೇ ಇರಲಿಲ್ಲ. ನಿಮ್ಮ ಪ್ರೋಗ್ರಾಮಿನ 'ರೇಟ್' ಎಂಬ ಹೆಸರನ್ನೇ ಬದಲಿಸಿಕೊಳ್ಳಿ ಎಂದು ಜಯತೀರ್ಥ ಸೂಚಿಸಿ ನೋಡಿದ.

"ಹೌದ್ರೀ ರಾಯರ," ಎಂದ ಸೂರ್ಯಕಾಂತ. "ಉಣ್ಣಾಕ ಬಂದ ಅಳಿಯ, ನಿಮ್ಮ ಗ್ವಾಡಿ ಸರಿ ಇಲ್ಲ ಕೆಡವ್ರಿ ಅಂದಂಗಾತು. ನಿಮ್ಮ ಶ್ರೀ ನಿಮ್ಮ ದೇವರ ಮನ್ಯಾಗ ಇರ್ಲಿ. ಸಂಜಿತನ ನೋಡ್ತೀನಿ, ಆಗದಿದ್ರ ಹಳೀ ತಕ್ಕಡೀನ ಇಡ್ತೀನಿ."

ಜಯತೀರ್ಥನ ಮುಖ ಸಣ್ಣದಾಯಿತು. ಆದರೆ ಕುರ್ಚಿ ಬಿಟ್ಟೇಳಲಿಲ್ಲ. ಶ್ರೀ ಫೈಲನ್ನು ತೆರೆದು ಒಂದೊಂದೇ ಸಾಲನ್ನು ಕಿತ್ತು ಬೇರೆ ಬೇರೆ ಕಡೆ ಹಾಕತೊಡಗಿದ. ಹೊರಗಿನವರಿಗೆ ಕಾಣಬೇಕಾದದ್ದು ತೂಕದ ಹೆಡರಿಗೆ, ಆ ಹೆಸರುಗಳಿಗೆಲ್ಲ ಮುಂದೆ ತೂಕ ಎಂಬ ಅಡ್ಡಹೆಸರು, ಇನ್ಯಾರದರೊಂದಿಗೂ ಜಗಳ ಬೀಳದ ಹಾಗೆ. ಒಳಗಿನ ಕೆಲಸದ್ದು ಒಳಗೇ. ಯಂತ್ರ ಬದಲಾದರೆ ಬದಲಾಗುವಂಥದ್ದಕ್ಕೆ ಪ್ರತ್ಯೇಕ ಫೈಲು. ಕೊನೆಗೆ ಮೊದಲ ಸಾಲಿನ ಶ್ರೀಯನ್ನು ಅಳಿಸುವಾಗ ಬೆರಳು ಗುಂಡಿಯ ಮೇಲೆ ನಿಂತಿತು.

"ಅಪ್ಪ ನೋಡಿದ್ರ ಏನಂತಾರೋ," ಎಂದು ಒತ್ತಿದ.

ಇನ್ನು ಯಾವ ಹೆಡರ್ ಯಾವುದಕ್ಕೆ ಒರಗಿದೆ ಎಂದು ಪತ್ತೆ ಹಚ್ಚಬೇಕು. ಅದಕ್ಕೆ ಅವನೇ ದಾರಿ ಹೇಳಿದ: ಒಂದೇ ಸಾಲಿನ ಫೈಲು ಮಾಡು, ಒಂದು ಹೆಡರನ್ನು ಮಾತ್ರ ಕರೆ, ಮೇಲೆ ಏನೂ ಇರಬಾರದು, ಒಂಟಿಯಾಗಿ ನಿಂತರೆ ಪಾಸು. ಆ ಕೆಲಸವನ್ನು ಚಂದಮ್ಮನಿಗೆ ಬಿಟ್ಟು ತಾನು ಚಹಾಕ್ಕೆ ಹೋದ.

ಚಂದಮ್ಮ ಒಂದೊಂದು ಸಲ ಗುಂಡಿ ಒತ್ತುವ ಮೊದಲು ಇದು ನಿಲ್ಲುತ್ತದೋ ಬೀಳುತ್ತದೋ ಎಂದು ಮನಸ್ಸಿನಲ್ಲೇ ಪಂದ್ಯ ಕಟ್ಟಿಕೊಂಡಳು. ಉದ್ದದ ತೂಕದ ಹೆಡರ್ ಬಿದ್ದೇ ಬೀಳುತ್ತದೆಂದುಕೊಂಡರೆ ಅದು ಜಪ್ಪಯ್ಯ ಎನ್ನಲಿಲ್ಲ. ಅಲುಗಾಟ ಕಳೆಯುವ ಹೆಡರ್ ಅಂಗೈ ಅಗಲದ್ದು, ಅದಕ್ಕೇನಾದೀತು ಎಂದು ಒತ್ತಿದಳು, ದೊಪ್ಪನೆ ಬಿತ್ತು. ಯಾಕಿರಬಹುದು? ಬೆರಳಿಟ್ಟು ಸಾಲು ಸಾಲು ಓದಿದಳು. ಅದು ಬೈಟನ್ನು ಬಳಸುತ್ತಿತ್ತು, ಆದರೆ ಬೈಟಿನ ಅರ್ಥವಿರುವ ಫೈಲನ್ನು ಎಲ್ಲೂ ಕರೆದಿರಲಿಲ್ಲ. ಬೇರೆ ಯಾರೋ ಮೊದಲೇ ಕರೆದಿರುತ್ತಾರೆ ಎಂಬ ಧೈರ್ಯದಲ್ಲಿತ್ತು. ಕರೆಯುವ ಸಾಲನ್ನು ಅದರಲ್ಲೇ ಸೇರಿಸಿ ಮತ್ತೆ ಒತ್ತಿದಾಗ ಅದೂ ನಿಂತಿತು. ಜಯತೀರ್ಥ ಕಪ್ಪು ಹಿಡಿದು ಬಂದಾಗ ಎಲ್ಲವೂ ನಿಂತಿದ್ದವು. ಅವಳು ಮಾತ್ರ ಇನ್ನೊಂದಾದರೂ ಬೀಳಬಾರದೇ, ನೋಡಬಹುದಿತ್ತು ಎಂದುಕೊಳ್ಳುತ್ತಿದ್ದಳು.

ಉಳಿದದ್ದು ಯಂತ್ರದ ಫೈಲು. ಅದರಲ್ಲಿ ಜಯತೀರ್ಥ ಎರಡೇ ಜಾಗ ಖಾಲಿ ಬಿಟ್ಟಿದ್ದ. ನಿಮ್ಮ ಬೋರ್ಡು ತಕ್ಕಡಿಯಿಂದ ಅಂಕಿ ಹೇಗೆ ಓದುತ್ತದೆ, ಸ್ವಲ್ಪ ಹೊತ್ತು ಹೇಗೆ ಕಾಯುತ್ತದೆ. ಇವನ್ನು ನೀವೇ ತುಂಬಬೇಕು, ನನ್ನ ಲೈಬ್ರರಿ ನಿಮ್ಮಿಂದ ಬೇರೇನೂ ಕೇಳುವುದಿಲ್ಲ ಎಂದ. ಸೂರ್ಯಕಾಂತ ಗೊಣಗುತ್ತಲೇ ಕೂತು ತುಂಬಿದ. ಇಷ್ಟೇ ಎಂದು ಮೊದಲೇ ಹೇಳಿದ್ದರೆ ಬೆಳಿಗ್ಗೆಯೇ ಮುಗಿಯುತ್ತಿತ್ತಲ್ಲ ಎಂದೂ ಚುಚ್ಚಿದ.

ಕಂಪೈಲ್ ಆಯಿತು. ತಪ್ಪು ಇರಲಿಲ್ಲ. ಚಂದಮ್ಮ ತಕ್ಕಡಿಯ ತಂತಿಯನ್ನು ಬೋರ್ಡಿಗೆ ಜೋಡಿಸಿದಳು, ಸೂರ್ಯಕಾಂತ ನೀರು ತುಂಬಿದ ಹಾಲಿನ ಕ್ಯಾನನ್ನು ತಂದಿಟ್ಟ. ಕೆಂಪು ಅಂಕಿ ಮೇಲೆ ಕೆಳಗೆ ಓಡಾಡಿ, ನಿಧಾನವಾಗಿ ಒಂದು ಕಡೆ ನಿಂತಿತು. ಅವನು ಕ್ಯಾನಿನ ಮೇಲೆ ಕೈ ಊರಿ ನೋಡಿದ, ಕೈ ತೆಗೆದು ನೋಡಿದ. ಅಂಕಿ ತನ್ನ ಜಾಗಕ್ಕೇ ಮರಳಿತು.

"ಇರ್ಲಿ ಬಿಡ್ರಿ ಇದು," ಎಂದ. ಅವನ ಬಾಯಲ್ಲಿ ಅಷ್ಟು ಬಂದರೆ ಒಪ್ಪಿದ ಹಾಗೆ.

ಜಯತೀರ್ಥ ಕುರ್ಚಿಗೆ ಒರಗಿ ಉಸಿರು ಬಿಟ್ಟ. ಕಂಪ್ಯೂಟರ್ ಮಾರುವ ಮಾತು ಅವನು ಇನ್ನು ಎತ್ತುವುದಿಲ್ಲ ಎಂದು ಚಂದಮ್ಮನಿಗೆ ಆ ಉಸಿರಿನಿಂದಲೇ ತಿಳಿಯಿತು. ಸೂರ್ಯಕಾಂತ ಕಪಾಟಿನಿಂದ ಹಸಿರು ಬಣ್ಣದ ಇನ್ನೊಂದು ಬೋರ್ಡು ತೆಗೆದ. ಡೈರಿಯವರ ಇನ್ನೊಂದು ಕೇಂದ್ರದಲ್ಲಿ ಇದಿದೆಯಂತೆ, ಇದರ ರೀತಿಯೇ ಬೇರೆ, ಇದಕ್ಕೆ ಆ ಎರಡು ಜಾಗ ಯಾರು ತುಂಬಬೇಕು ಎಂದು ಕೇಳಿದ. ಜಯತೀರ್ಥ ಉತ್ತರಿಸುವ ಮೊದಲೇ ಚಂದಮ್ಮ ಕೈ ಚಾಚಿದ್ದಳು.

"ಕೊಡ್ರಿ ಇಲ್ಲಿ. ಅಂಕಿ ಚಿಪ್ಪಿನ ಯಾವ ಕಾಲಿನಿಂದ ಬರ್ತದಂತ ನೋಡ್ತೀನಿ."

ಬೋರ್ಡನ್ನು ಬೋರಲು ಹಾಕಿ, ಬೆಳಕಿಗೆ ಹಿಡಿದು, ತಾಮ್ರದ ಗೆರೆಯೊಂದನ್ನು ಉಗುರಿನಿಂದ ಹಿಂಬಾಲಿಸುತ್ತ ಹೋದಳು.