ಡೀಸೆಲ್ ಬಾವಿಯ ಬೂಷ್ಟು

ರಾಗಿ ಹುಲ್ಲು ತುಂಬಿದ್ದ ಎಂಟು ಬಲೆಚೀಲಗಳೂ ಖಾಲಿಯಾಗಿ, ಬೆಳ್ಳಗೆ, ಬಾವಿಕಟ್ಟೆಯ ಮೇಲೆ ಒಣಗುತ್ತಿದ್ದವು. ಬಂಗಾರಪೇಟೆಯ ಬಸ್ಸಿಳಿದು ಬಂದ ಪುಷ್ಪ ಅವನ್ನು ನೋಡಿ ಅಲ್ಲೇ ನಿಂತುಬಿಟ್ಟಳು.

"ಅಮ್ಮಾ, ಒಳಗಿದ್ ಹುಲ್ಲೆಲ್ಲಿ?"

"ಒಲೆಗಾಕ್ದೆ," ಎಂದಳು ಮುನಿಶಾಮಮ್ಮ, ಹೆಮ್ಮೆಯಿಂದಲೇ. "ಕರ್ರಗೆ ಬೂಷ್ಟಿಡ್ದು ಗಬ್ಬು ನಾರ್ತಿತ್ತು ಕಣಮ್ಮ. ಪಿಡಿಒ ಸಾರು ನೋಡಾಕ್ ಬತ್ತವ್ರೆ ಅಂದ್ಯಲ್ಲ, ಚೀಲಾನೆಲ್ಲ ಹಂಡೇಲಿ ಕುದ್ಸಿ ಒಗ್ದಾಕ್ದೆ. ಬಾವಿಗೂ ಒಂದ್ ಡಬ್ಬ ಬ್ಲೀಚಿಂಗ್ ಪೌಡ್ರು ಸುರ್ದಿದೀನಿ."

ಯಾರಾದರೂ ಬರುತ್ತಾರೆಂದರೆ ಕೊಟ್ಟಿಗೆಯ ಮುಂದೂ ಸಾರಿಸಿ ರಂಗೋಲಿ ಇಡುವ ಹೆಂಗಸು. ಅವಳನ್ನು ಬೈಯುವುದಾದರೂ ಹೇಗೆ!

ಮೂರು ತಿಂಗಳ ಹಿಂದೆ ಕ್ಯಾಸಂಬಳ್ಳಿ ರಸ್ತೆಯಲ್ಲಿ ಟ್ಯಾಂಕರ್ ಮಗುಚಿ ಡೀಸೆಲ್ಲು ಇವರ ಬಾವಿಗಿಳಿದಿತ್ತು. ಹಸುಗಳು ನೀರಿಗೆ ಮೂತಿ ಇಡಲಿಲ್ಲ. ಬಾವಿ ಮುಚ್ಚಿಸುವುದೆಂದು ಪಂಚಾಯ್ತಿಯವರು ತೀರ್ಮಾನಿಸಿದರು. ಬಾವಿ ಹೋದರೆ ನಾಲ್ಕು ಹಸುಗಳೂ ಹೋದ ಹಾಗೆಯೇ. ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಪುಷ್ಪ, ಡೀಸೆಲನ್ನೇ ತಿಂದು ಬೆಳೆಯುವ ಬೂಷ್ಟೊಂದನ್ನು ಹುಡುಕಿ, ಹುಲ್ಲಿಗೆ ಹಿಡಿಸಿ ಬಾವಿಗೆ ಇಳಿಬಿಟ್ಟಿದ್ದಳು. ಎಣ್ಣೆಯ ಪೊರೆ ಒಂದು ಬದಿಯಲ್ಲಿ ತೆಳುವಾಗತೊಡಗಿತ್ತು. ಬೂಷ್ಟು ಮಾಡುತ್ತಿರುವ ಕೆಲಸ ತೋರಿಸಿ ಎರಡು ತಿಂಗಳ ಗಡುವು ಕೇಳುವುದೆಂದುಕೊಂಡಿದ್ದಳು. ಪಿಡಿಒ ನಾಗೇಶ್ ಬರುವುದು ಇವತ್ತೇ.

ಪುಷ್ಪ ಬಾವಿಗೆ ಬಗ್ಗಿ ನೋಡಿದಳು. ಎಣ್ಣೆ ಬಣ್ಣಬಣ್ಣವಾಗಿ ತೇಲುತ್ತಿತ್ತು. ಬೂಷ್ಟಿನ ಒಂದೆಳೆಯೂ ಇರಲಿಲ್ಲ. ಅವಳಿಗೆ ಅಳು ತಡೆಯಲಾಗಲಿಲ್ಲ.

"ಆ ಬೂಷ್ಟೇ ಅಮ್ಮಾ ಎಣ್ಣೆ ತಿಂತಿದ್ದಿದ್ದು. ನಾನೇ ನಿಂಗೆ ಬಿಡ್ಸಿ ಹೇಳ್ಲಿಲ್ಲ. ಕಾಲೇಜಲ್ಲಿ ಇಟ್ಟಿದ್ದೂ ರಜೇಲಿ ಒಣಗೋಯ್ತು."

ಮುನಿಶಾಮಮ್ಮ ಒಣಗುತ್ತಿದ್ದ ಚೀಲವೊಂದನ್ನು ಒಳಹೊರಗು ತಿರುವಿ ನೋಡಿದಳು. ಆಮೇಲೆ ಕೇಳಿದಳು, "ಮೊಸ್ರಿಗೆ ಹೆಪ್ಪಾಕ್ದಂಗೆ ಒಂದ್ ಚೂರಿದ್ರೂ ಸಾಕಲ್ವೇನೆ? ಮೊದ್ಲು ಎಲ್ಲಿಂದ ತಂದಿದ್ದೆ?"

"ಟ್ಯಾಂಕರ್ ಬಿದ್ದಿದ್ ಮೋರೀಲಿ. ಅದ್ಕೂ ಹೋದ್ವಾರ ಜಲ್ಲಿ ಸುರ್ದು ಮುಚ್ಚವ್ರೆ."

ಮುನಿಶಾಮಮ್ಮ ಒಳಗಿಂದ ಒಂದು ಬಟ್ಟಲು ತಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಯ ಕಡೆ ನಡೆದಳು.

ನಾಗೇಶರ ಬೈಕು ಬಂದು ನಿಂತಾಗ ಅವಳು ಮೋರಿಯ ಬಳಿ ಮಂಡಿಯೂರಿ ಬರಿಗೈಯಲ್ಲೇ ಜಲ್ಲಿ ತೋಡುತ್ತಿದ್ದಳು. ಬೆರಳುಗಳ ತುದಿಯಲ್ಲಿ ರಕ್ತ ಒಸರುತ್ತಿತ್ತು.

"ಏನಮ್ಮಾ, ಏನು ಕಳ್ಕೊಂಡ್ರಿ?"

ಅವಳು ಕೈಗೆ ಸಿಕ್ಕ ಒದ್ದೆ ಕಡ್ಡಿಯೊಂದನ್ನು ಮೂಸಿ ನೋಡಿ, ಪಕ್ಕಕ್ಕೆಸೆದು, ಇನ್ನೂ ಆಳಕ್ಕೆ ಕೈಹಾಕಿದಳು.