ಇಳಿಯದೆ ದಾಟುವ ಗಾಡಿ

ಜಯಶ್ರೀ ವ್ಯಾನಿನ ಕಿಟಕಿಯೊಳಗೆ ಕೈ ಹಾಕಿ ಕೀಲಿ ಕಿತ್ತುಕೊಂಡಳು. ಎಂಜಿನ್ನು ಒಮ್ಮೆ ನಡುಗಿ ಸುಮ್ಮನಾಯಿತು. ಡ್ರೈವರ್ ಕರಿಬಸವ ಸ್ಟೇರಿಂಗ್ ಹಿಡಿದವನು ಹಿಡಿದಂತೆಯೇ ಕೂತ. ಹೆಣದ ಗಾಡಿ ಓಡಿಸಲು ಬಂದ ಮೇಲೆ ಅಳುವವರನ್ನು ಕಂಡಿದ್ದ, ಕುಡಿದು ಬೈಯುವವರನ್ನು ಕಂಡಿದ್ದ. ಕೀಲಿಯನ್ನು ಸೆರಗಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಂಗಸನ್ನು ಇದೇ ಮೊದಲು ಕಂಡದ್ದು.

"ಅಮ್ಮ, ಕಾಲುವಿ ದಾರಿ ಹಿಡಿ ಅಂತ ನಿಮ್ಮ ಹಿರೇರೇ ಹೇಳಿದ್ರು. ನಂದೇನು ತಪ್ಪೈತಿ?"

"ನಿಂದೇನಿಲ್ಲಪ್ಪ. ನೆಟ್ಟಗ ಹೋಗು, ಕೀಲಿ ಕೊಡ್ತೀನಿ."

"ನೆಟ್ಟಗ ಹೋದ್ರ ಆ ದೊಡ್ಡ ಹಂಪ್ಸ್ ಐತಲ್ರಿ. ಹೋದ ತಿಂಗಳು ಹೊಟ್ಟಿ ಬಡದು ಸೈಲೆನ್ಸರ್ ಮುರೀತು. ನನ್ನ ಗಾಡಿ ದಾಟಂಗಿಲ್ಲ."

ಕುರುಗೋಡಿನಿಂದ ಸಿರುಗುಪ್ಪಕ್ಕೆ ಹೋಗುವ ರಸ್ತೆಯಿಂದ ಒಳಕ್ಕೆ ಹೊರಳಿದರೆ, ಊರಿನ ಬಾಯಿಯಲ್ಲೇ ಈ ಕವಲು. ನೆಟ್ಟಗೆ ಹೋದರೆ ಸಿಮೆಂಟು ಹಾಕಿದ ಪೇಟೆ ಬೀದಿ, ಅದು ಮುಗಿದಲ್ಲಿ ಕೇರಿಯವರು ಮಣ್ಣು ಕೊಡುವ ಜಾಗ. ಎಡಕ್ಕೆ ಕಾಲುವೆಯ ಏರಿ. ಗದ್ದೆಗಳನ್ನೆಲ್ಲ ಸುತ್ತಿ ಬಳಸಿ ಅದೂ ಅಲ್ಲಿಗೇ ಮುಟ್ಟುತ್ತದೆ. ಬದುಕಿದ್ದವರು ಈಗೀಗ ಪೇಟೆ ಬೀದಿಯಲ್ಲಿ ಓಡಾಡುತ್ತಾರೆ. ಕೇರಿಯವರ ಹೆಣ ಮಾತ್ರ ಯಾವತ್ತೂ ಏರಿಯ ಮೇಲೇ ಹೋಗುತ್ತದೆ. ಬರೆದಿಟ್ಟ ಕಾನೂನೇನಲ್ಲ, ಬಾಯಿಬಿಟ್ಟು ಹೇಳುವವರೂ ಇಲ್ಲ. ಹೋಗುತ್ತದೆ, ಅಷ್ಟೇ.

ಸತ್ತ ಮಾರೇಶನ ಅಣ್ಣ ಉಚ್ಚೆಂಗೆಪ್ಪ ಟವೆಲ್ಲನ್ನು ಕೈಯಲ್ಲಿ ಹಿಂಡುತ್ತ ಹತ್ತಿರ ಬಂದ. ಅವನ ಹಿಂದೆ ಚಟ್ಟ ಕಟ್ಟಿಕೊಂಡು ಬಂದ ಕೇರಿಯ ಗಂಡಸರು ನಿಂತಿದ್ದರು.

"ಜಯಮ್ಮ, ಹೊತ್ತು ಏರಾಕತ್ತೈತಿ. ನಮ್ಮಪ್ಪ ಏರಿ ಮ್ಯಾಲೆ ಹೋದ, ನಮ್ಮವ್ವ ಏರಿ ಮ್ಯಾಲೆ ಹೋದ್ಲು. ಇವನೊಬ್ಬ ಪ್ಯಾಟಿ ಬೀದ್ಯಾಗ ಹೋಗಿ ಏನು ಸಾಧಿಸಬೇಕಾಗೈತಿ?"

"ಭಾವ, ಬದುಕಿದ್ದಾಗ ನಿಮ್ಮ ತಮ್ಮ ಒಮ್ಮೆನಾದ್ರೂ ಏರಿ ಮ್ಯಾಲೆ ಹೋಗ್ಯಾರೇನು?"

"ಬದುಕಿದ್ದಾಗಿನ ಮಾತು ಬ್ಯಾರೆ."

"ಏನು ಬ್ಯಾರೆ? ಆಗ ಮಾತಾಡ್ತಿದ್ರು, ಈಗ ಮಾತಾಡಂಗಿಲ್ಲ. ಅಷ್ಟ."

ಉಚ್ಚೆಂಗೆಪ್ಪ ದನಿ ತಗ್ಗಿಸಿದ. "ನೀನು ಸಂಜಿಗೆ ಬಳ್ಳಾರಿಗೆ ಹೋಗ್ತಿ. ನೆಲ್ಲು ಕೊಯ್ಯಾಕ ಬಂದೈತಿ, ನಾಳಿ ತಿಪ್ಪೇರುದ್ರಪ್ಪ ಸಾವ್ಕಾರ್ರ ಗದ್ದಿಗೆ ಕೂಲಿ ಹೋಗೋರು ನಾವು."

ಮಾತು ಸುಳ್ಳಲ್ಲ. ಜಯಶ್ರೀಗೂ ಗೊತ್ತು. ಆದರೆ ಇವತ್ತು ಗಂಡನನ್ನು ಏರಿಯ ಮೇಲೆ ಕಳಿಸಿದರೆ, ಅವನು ಇಷ್ಟು ವರ್ಷ ಆ ಬೀದಿಯಲ್ಲಿ ತಿರುಗಾಡಿದ್ದೆಲ್ಲ ಹುಡುಗಾಟವಾಯಿತು ಎಂದೇ ಅರ್ಥ.

"ಗಾಡಿ ದಾಟದಿದ್ರ ಹೊತ್ಕೊಂಡು ಹೋಗೋಣು," ಎಂದಳು.

"ಯಾರು ಹೊರ್ತಾರ?"

ಗಂಡಸರು ನೆಲ ನೋಡಿದರು. ವ್ಯಾನಿನ ಹಿಂದೆ ಮಾರೇಶನ ಭಾರೀ ಬೈಕನ್ನು ಓಡಿಸಿಕೊಂಡು ಬಂದಿದ್ದ ಕೌಲ್‌ಬಜಾರಿನ ಮೆಕ್ಯಾನಿಕ್ ಖಾಜಾ ಮಾತ್ರ, ಅದನ್ನು ಸ್ಟ್ಯಾಂಡಿಗೆ ಹಾಕಿ, ಶರ್ಟಿನ ತೋಳು ಮಡಚತೊಡಗಿದ.

*

ಮಾರೇಶ ಬಳ್ಳಾರಿಯ ಪಾರ್ವತಿನಗರದಾಚೆ ಜೀನ್ಸ್ ಹೊಲಿಯುವ ಸಣ್ಣ ಕಾರ್ಖಾನೆ ಇಟ್ಟಿದ್ದ. ಬಟ್ಟೆ ಕತ್ತರಿಸುವ ಮಾಸ್ತರನಾಗಿ ಶುರುಮಾಡಿದವನು, ಕತ್ತರಿ ಹಿಡಿದೇ ತಲೆ ನರೆಸಿಕೊಂಡ. ಕಂಟೋನ್ಮೆಂಟಿನ ಮುದಿ ಡಾಕ್ಟರೊಬ್ಬರು ಮಾರಿದ ಹಳೇ ಟೂರಿಂಗ್ ಬೈಕನ್ನು ಅವನು ಮನೆಗೆ ತಂದ ದಿನ ನೆಂಟರು ಬಾಯಿಗೆ ಬಂದದ್ದನ್ನು ಅಂದರು. ಮಕ್ಕಳಿಲ್ಲ ಮರಿಯಿಲ್ಲ, ಈ ವಯಸ್ಸಿನಲ್ಲಿ ಒಂದು ಎಮ್ಮೆ ಕಟ್ಟಿದ್ದರೆ ಹಾಲಾದರೂ ಕೊಡುತ್ತಿತ್ತು ಎಂದರು. ಬೈಕೂ ಹೆಚ್ಚುಕಡಿಮೆ ಎಮ್ಮೆಯಷ್ಟೇ ಇತ್ತು. ಮುಂದೆ ಗಾಜು, ಎರಡೂ ಬದಿಗೆ ಪೆಟ್ಟಿಗೆ, ಹಿಂದೆ ಕೂರುವವರಿಗೆ ಒರಗಲು ಮೆತ್ತೆ. ಗಂಡ ಹೆಂಡತಿ ಅದರ ಮೇಲೆ ಗೋವಾ ನೋಡಿದರು, ದಸರೆಗೆ ನಾಗಪುರದ ದೀಕ್ಷಾಭೂಮಿಯ ತನಕ ಹೋಗಿ ಬಂದರು. ಭಾನುವಾರ ಬಂತೆಂದರೆ ತಾಯಿ ಈರಮ್ಮನನ್ನು ನೋಡಲು ಊರಿಗೆ ಹೋಗುತ್ತಿದ್ದರು, ಪೇಟೆ ಬೀದಿಯಲ್ಲೇ, ಗುಡುಗುಡು ಸದ್ದು ಮಾಡಿಕೊಂಡು.

ಬೀದಿಯ ನಡುಮಧ್ಯೆ ತಿಪ್ಪೇರುದ್ರಪ್ಪನ ಮನೆ. ಪಂಚಾಯಿತಿಯಲ್ಲಿ ಅವನ ಮಾತು ನಡೆಯುತ್ತಿತ್ತು. ಇಳಿದು ನಡಿ ಎಂದು ಅವನು ಹೇಳಲಿಲ್ಲ. ಹಾಗೆ ಹೇಳಿದರೆ ಕೇಸು ಬೀಳುವ ಕಾಲ ಇದು. ಅದರ ಬದಲು ಅವನ ಮನೆಯ ಮುಂದೆ ಬೀದಿಗಡ್ಡ ಒಂದು ರಸ್ತೆಯುಬ್ಬು ಎದ್ದಿತು. ಮಕ್ಕಳು ಓಡಾಡುತ್ತವೆ, ಅದಕ್ಕೆ ಎಂದರು. ಅಲ್ಲಾ, ಶಾಲೆ ಇರುವುದು ಊರಿನ ಹೊರಗೆ. ಆ ಬೀದಿಯಲ್ಲಿ ಓಡಾಡುವುದು ತಿಪ್ಪೇರುದ್ರಪ್ಪನ ಕೋಳಿಗಳು.

ಮಾರೇಶನೊಬ್ಬನೇ ಇದ್ದರೆ ಬೈಕು ಹೇಗೋ ದಾಟುತ್ತಿತ್ತು. ಜಯಶ್ರೀ ಹಿಂದೆ ಕೂತರೆ ಹಳೇ ಸ್ಪ್ರಿಂಗು ಕುಸಿದು, ಅದರ ಹೊಟ್ಟೆ ಸಿಮೆಂಟಿಗೆ ಕರ್ರನೆ ಉಜ್ಜುತ್ತಿತ್ತು. ಹಾಗಾಗಿ ಅವಳು ಪ್ರತಿಸಲ ಆ ಮನೆಯ ಮುಂದೆ ಇಳಿಯಬೇಕು, ಉಬ್ಬು ದಾಟಿ ನಡೆದು ಮತ್ತೆ ಹತ್ತಬೇಕು. ಒಂದು ಭಾನುವಾರ ತಿಪ್ಪೇರುದ್ರಪ್ಪ ಕಟ್ಟೆಯ ಮೇಲೆ ಕೂತು ಚಾ ಕುಡಿಯುತ್ತ, ಬಹಳ ಪ್ರೀತಿಯಿಂದಲೇ ಹೇಳಿದ:

"ಇಳದು ನಡಿಯೋದು ಚಲೋ ಬಿಡವ್ವ. ನಿಮ್ಮತ್ತಿನೂ ಇಲ್ಲಿ ಹಿಂಗ ನಡೀತಿದ್ಲು, ಚಪ್ಲಿ ಕೈಯಾಗ ಹಿಡಕೊಂಡು."

ಬಳ್ಳಾರಿ ಮುಟ್ಟಿದ್ದೇ ಜಯಶ್ರೀ ಬೈಕಿನಿಂದ ಇಳಿದಳು. ಮನೆಯ ಬಾಗಿಲಲ್ಲಿ ನಿಂತು, "ಇನ್ನ ನಾನು ಇಳಿಯಂಗಿಲ್ಲ. ಇದನ್ನ ಮಾರ್ತೀರೋ, ಎತ್ತರ ಮಾಡಿಸ್ತೀರೋ ನೀವೇ ನೋಡ್ರಿ," ಎಂದಳು.

ಮರುದಿನವೇ ಬೈಕು ಖಾಜಾನ ಅಂಗಡಿಗೆ ಹೋಯಿತು. ಖಾಜಾ ಸೀಟನ್ನು ಅದುಮಿ ನೋಡಿ ತಲೆ ಅಲ್ಲಾಡಿಸಿದ.

"ಸ್ಪ್ರಿಂಗ್ ಸತ್ತೋಗ್ಯಾವ ಮಾರೇಶಣ್ಣ. ಭಾಭಿ ಕುಂತ್ರ ಕುಂಡಿ ನೆಲಕ್ಕ ಹತ್ತತೈತಿ."

"ಯಾರ್ದು?" ಎಂದಳು ಜಯಶ್ರೀ.

"ಗಾಡೀದು ಭಾಭಿ, ಗಾಡೀದು."

ಹಿಂದಕ್ಕೆ ಉದ್ದನೆಯ, ಬಿಗಿಯಾದ ಹೊಸ ಶಾಕ್ ಅಬ್ಸಾರ್ಬರ್‌ಗಳು ಬೇಕು ಎಂದ. ಹಿಂದಿನದನ್ನಷ್ಟೇ ಎತ್ತರಿಸಿದರೆ ಗಾಡಿ ಮೂಗಿನ ಮೇಲೆ ನಿಂತಂತೆ ಆಗುತ್ತದೆ. ಮುಂದಿನ ಫೋರ್ಕಿಗೂ ಗಟ್ಟಿ ಸ್ಪ್ರಿಂಗು, ಮಂದ ಎಣ್ಣೆ ಹಾಕಬೇಕು. ಅದಕ್ಕೆ ಕೂರುವವರ ತೂಕ ಗೊತ್ತಾಗಬೇಕು.

"ತೂಕ ಎಷ್ಟು ಭಾಭಿ?"

"ಕೇಳಬಾರದ್ದು ಕೇಳಬ್ಯಾಡ ಖಾಜಾ."

ಮಾರೇಶ ಕೊರಳಲ್ಲಿದ್ದ ಇಂಚುಟೇಪು ತೆಗೆದ. ಬೈಕು ಖಾಲಿ ಇದ್ದಾಗ ಎಷ್ಟೆತ್ತರ, ತಾನು ಕೂತರೆ ಎಷ್ಟು ತಗ್ಗುತ್ತದೆ, ಅವಳೂ ಕೂತರೆ ಎಷ್ಟು ಎಂದು ಖಾಜಾ ಆ ಟೇಪಿನಲ್ಲೇ ಅಳೆದ. ಜಯಶ್ರೀ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಕೌಲ್‌ಬಜಾರಿಗೆ ಕೌಲ್‌ಬಜಾರೇ ಕೆಲಸ ಬಿಟ್ಟು ನೋಡುತ್ತಿತ್ತು.

"ನನ್ನ ಅಳತಿ ತೊಗೊಳಾಕತ್ತೀರೋ, ಗಾಡೀದೋ?" ಎಂದು ಅವಳು ರೇಗಿದಳು.

"ನಿನ್ನ ಅಳತಿ ನನಗ ಬಾಯಿಪಾಠ ಐತಿ," ಎಂದ ಮಾರೇಶ. "ಗಾಡೀದು ಗೊತ್ತಾಗವಲ್ದು."

ಬೈಕು ಎತ್ತರವಾದ ಮೇಲೆ ಗಿಡ್ಡ ಆಳು ಮಾರೇಶನಿಗೆ ಕಾಲು ನೆಲಕ್ಕೆ ಸರಿಯಾಗಿ ಎಟುಕದಾಯಿತು. ಸಿಗ್ನಲ್ಲಿನಲ್ಲಿ ತುದಿಬೆರಳ ಮೇಲೆ ನಿಲ್ಲುತ್ತಿದ್ದ. ಖಾಜಾ ಬೇಡವೆಂದರೂ ಕೇಳಲಿಲ್ಲ. ಕಾಲು ಮುಟ್ಟದಿದ್ದರೆ ಮುಟ್ಟದಿರಲಿ, ಹೊಟ್ಟೆ ಮುಟ್ಟಬಾರದು ಎಂದ.

ಆ ಭಾನುವಾರ ಉಬ್ಬಿನ ಹತ್ತಿರ ಬೈಕು ನಿಧಾನಿಸಿತು. "ಜಯಾ, ಸೆಟದು ಕೂಡು," ಎಂದ ಮಾರೇಶ. ಮುಂದಿನ ಗಾಲಿ ಏರಿ ಇಳಿಯಿತು, ಹಿಂದಿನದು ಏರಿ ಇಳಿಯಿತು. ಏನೂ ಉಜ್ಜಲಿಲ್ಲ. ತಿಪ್ಪೇರುದ್ರಪ್ಪನ ಚಾ ಬಾಯಿಯ ಹತ್ತಿರವೇ ನಿಂತಿತ್ತು.

"ಸಾವ್ಕಾರ್ರ, ಆರಾಮೇನ್ರಿ?" ಎಂದು ಜಯಶ್ರೀ ಮೇಲಿನಿಂದಲೇ ಕೇಳಿದಳು. ಊರು ದಾಟುವ ತನಕ ಗಂಡನ ಬೆನ್ನಿಗೆ ಹಣೆಯಿಟ್ಟು ನಕ್ಕಳು.

ತಿಪ್ಪೇರುದ್ರಪ್ಪನ ಕಡೆಯವರು ಉಬ್ಬಿನ ಮೇಲೆ ಇನ್ನೊಂದು ಪದರ ಸಿಮೆಂಟು ಹಾಕಿಸಿದರು. ಮಾರೇಶ ಸ್ಪ್ರಿಂಗನ್ನು ಇನ್ನೊಂದು ಸುತ್ತು ಬಿಗಿ ಮಾಡಿಸಿದ. ಅವರು ಮತ್ತೊಂದು ಪದರ ಹಾಕಿಸಿದರು. ಊರಿನ ಆಟೋಗಳ, ಹಾಲಿನ ಗಾಡಿಗಳ ಹೊಟ್ಟೆ ಒಡೆದವು. ಮಾರೇಶನ ಬೈಕು ಮಾತ್ರ ದಾಟುತ್ತಲೇ ಇತ್ತು. ನಿನ್ನೆ ಮಧ್ಯಾಹ್ನ ಅವನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸುಮ್ಮನೆ ತಲೆಯಿಟ್ಟ. ಮತ್ತೆ ಎತ್ತಲಿಲ್ಲ.

*

"ಮುಂದಿನ ಎಡಹೆಗಲು ನಂದು," ಎಂದಳು ಜಯಶ್ರೀ, ಸೆರಗು ಬಿಗಿದು.

"ಹೆಣ್ಮಕ್ಕಳು ಹೆಗಲು ಕೊಡಬಾರದವ್ವ," ಎಂದಳು ಕೇರಿಯ ಹಿರಿಯಳು ಗಿಡ್ಡಮ್ಮ.

"ಗಂಡಸರು ಕೊಡವಲ್ರು ನೋಡತ್ತಿ, ಏನು ಮಾಡ್ಲಿ?"

ಖಾಜಾ ಮುಂದಿನ ಬಲಕ್ಕೆ ಬಂದ. ಜೀನ್ಸ್ ಕಾರ್ಖಾನೆಯ ಟೇಲರ್ ಗಾದಿಲಿಂಗ ಹಿಂದೆ ನಿಂತ. ನಾಲ್ಕನೆಯ ಹೆಗಲಿರಲಿಲ್ಲ. ಎತ್ತಿದರೆ ಚಟ್ಟ ಒಂದು ಮೂಲೆಗೆ ವಾಲಿತು. ಉಚ್ಚೆಂಗೆಪ್ಪ ಅದನ್ನು ನೋಡಿದ. ಹಿಂಡುತ್ತಿದ್ದ ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡ.

"ಸರೀರಿ ಅತ್ಲಾಗ. ತಮ್ಮನ್ನ ಸೊಟ್ಟ ಕಳಸಿದ ಅಂತ ನನಗ ಹೆಸರು ಬ್ಯಾಡ."

ಪೇಟೆ ಬೀದಿ ಗಪ್‌ಚಿಪ್ಪಾಯಿತು. ಬಾಗಿಲುಗಳಲ್ಲಿ ಜನ ನಿಂತರು. ಕೇರಿಯವರು ಅಷ್ಟು ದೂರ ಬಿಟ್ಟು ಹಿಂದೆ ಬರುತ್ತಿದ್ದರು. ಬಿದಿರು ಜಯಶ್ರೀಯ ಹೆಗಲಿಗೆ ಒತ್ತುತ್ತಿತ್ತು. ಇಷ್ಟು ಭಾರದ ಮನುಷ್ಯನಾಗಿದ್ದನೇ ಇವನು ಎಂದು ಅವಳಿಗೆ ದುಃಖ ಉಕ್ಕಿತು.

ತಿಪ್ಪೇರುದ್ರಪ್ಪ ಕಟ್ಟೆಯಿಂದ ಎದ್ದ.

"ಉಚ್ಚೆಂಗಿ, ಇದ್ಯಾವುದಪ್ಪ ಹೊಸ ದಾರಿ?"

ಹಿಂದೆ ಉಚ್ಚೆಂಗೆಪ್ಪನ ಹೆಗಲು ನಡುಗಿದ್ದು ಬಿದಿರಿನಗುಂಟ ಜಯಶ್ರೀಗೆ ತಿಳಿಯಿತು. ಆದರೆ ಅವನು ನಿಲ್ಲಲಿಲ್ಲ.

"ನಾವೇನು ಬ್ಯಾಡ ಅನ್ನಂಗಿಲ್ಲ," ಎಂದ ತಿಪ್ಪೇರುದ್ರಪ್ಪ. "ಲಗೂನ ದಾಟ್ರಿ ಮತ್ತ. ಮನಿ ಬಾಗಲ ಮುಂದ ನಿಂದ್ರಬ್ಯಾಡ್ರಿ."

ಅವನು ಬಾಯಿ ಮುಚ್ಚಿಕೊಂಡಿದ್ದರೆ ಜಯಶ್ರೀ ದಾಟಿಯೇ ಹೋಗುತ್ತಿದ್ದಳು. ದಾಟುವುದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ಆ ಮಾತು ಕೇಳಿ ನಿಂತುಬಿಟ್ಟಳು.

"ಇಳಸ್ರಿ," ಎಂದಳು.

ಹಾದಿಯ ನಡುವೆ ಹೆಣವನ್ನು ಒಮ್ಮೆ ಇಳಿಸಿ, ಮಂಡಕ್ಕಿ ಚೆಲ್ಲಿ, ಹೆಗಲು ಬದಲಿಸಿ ಎತ್ತುವುದು ಆ ಸೀಮೆಯಲ್ಲಿ ಎಲ್ಲರ ಪದ್ಧತಿ. ಕಾಲುವೆಯ ಏರಿಯ ಮೇಲೆ ಅದಕ್ಕೊಂದು ಕಲ್ಲಿದೆ. ಆ ಕಲ್ಲನ್ನು ಯಾರೂ ತುಳಿಯುವುದಿಲ್ಲ. ದನ ಕಾಯುವವರು ಕೂಡ ಅದರ ಮೇಲೆ ಕೂರುವುದಿಲ್ಲ. ಬೀದಿಗಡ್ಡ ಬಿದ್ದಿದ್ದ ಉಬ್ಬಿನ ಮೇಲೆ ಚಟ್ಟ ಉದ್ದಕ್ಕೂ ಹದವಾಗಿ ಕೂತಿತು. ಜಯಶ್ರೀ ಮಡಿಲಿನಿಂದ ಮಂಡಕ್ಕಿ ತೆಗೆದು ಚೆಲ್ಲಿದಳು.

"ಏ, ಏ, ಇಲ್ಯಾಕ ಇಳಸ್ತೀರಿ?" ತಿಪ್ಪೇರುದ್ರಪ್ಪನ ದನಿ ಕೆಟ್ಟಿತು.

"ಹೆಗಲು ನೊಂದಾವ್ರಿ ಸಾವ್ಕಾರ್ರ. ಎತ್ತರದ ಜಾಗ ನೀವೇ ಮಾಡಿಸಿಟ್ಟೀರಿ, ನಿಮಗ ಪುಣ್ಯ ಬರ್ಲಿ. ಇನ್ನ ಅಮಾಸಿಗೊಮ್ಮೆ ಬರ್ತೀನಿ. ಹೆಣ ಇಳಿಸಿದ ಜಾಗಕ್ಕ ಎಡಿ ಇಡೋದು ನಮ್ಮಾಗ ಪದ್ಧತಿ."

ಒಳಗಿದ್ದ ಅವನ ಹೆಂಡತಿ ದಾಕ್ಷಾಯಣಮ್ಮ ಇದನ್ನು ಕೇಳಿ, ಶಿವಶಿವಾ ಎನ್ನುತ್ತ ಹೊಸ್ತಿಲಲ್ಲೇ ಕುಸಿದು ಕೂತಳು.

ಉಚ್ಚೆಂಗೆಪ್ಪ ಜಯಶ್ರೀಯ ಕಿವಿಯ ಹತ್ತಿರ ಬಗ್ಗಿದ. "ಎಡಿ ಇಡೋ ಪದ್ಧತಿ ನಮ್ಮಾಗ ಎಲ್ಲೈತಿ ಜಯಮ್ಮ?"

"ಇವತ್ತಿಂದ ಐತಿ, ಭಾವ."

ಮತ್ತೆ ಎತ್ತುವಾಗ ಹಿಂದೆ ಉಳಿದಿದ್ದವರೆಲ್ಲ ಮುಂದೆ ಬಂದರು. ಇಷ್ಟು ಹೊತ್ತು ನೆಲ ನೋಡಿದವರೇ. ಜಯಶ್ರೀಗೆ ಹೆಗಲು ಕೊಡಲು ಜಾಗ ಸಿಗಲಿಲ್ಲ. ಅವಳು ಬರಿಗೈಯಲ್ಲಿ ಹಿಂದೆ ನಡೆದಳು. ಮಣ್ಣು ಹಾಕುವಾಗ ಬಾಯಿಬಿಟ್ಟು ಅತ್ತಳು, ಗಂಡನನ್ನು ಹೆಸರು ಹಿಡಿದು ಕರೆದು ಅತ್ತಳು.

*

ಕುಣಿ ಮುಚ್ಚುವ ಹೊತ್ತಿಗೆ ತಿಪ್ಪೇರುದ್ರಪ್ಪನ ಮನೆಯಿಂದ ಒಬ್ಬ ಬಂದು ದೂರದಲ್ಲೇ ನಿಂತ. ಹಾರೆ ತೊಗೊಂಡು ಇಬ್ಬರು ಆಳು ಬರಬೇಕಂತೆ, ಹಂಪ್ಸ್ ಒಡೆಯುವುದಿದೆಯಂತೆ, ಈಗಿಂದೀಗಲೇ ಅಂತೆ. ಎಲ್ಲರೂ ಉಚ್ಚೆಂಗೆಪ್ಪನ ಮುಖ ನೋಡಿದರು. ಉಚ್ಚೆಂಗೆಪ್ಪ ಕೈಯ ಮಣ್ಣು ಕೊಡವಿಕೊಂಡ.

"ಸೂತಕ ಐತಿ ಅಂತ ಹೇಳಪ್ಪ ಸಾವ್ಕಾರ್ರಿಗೆ. ದಿನ ಮುಗಿಯೋತನಕ ಕೇರಿಯವರ್‍ಯಾರೂ ಹಾರಿ ಮುಟ್ಟಂಗಿಲ್ಲ."

ಕೀಲಿಗಾಗಿ ಏರಿಯ ಮೇಲೆ ಸುತ್ತಿಕೊಂಡು ಬೈಕು ತಂದಿದ್ದ ಕರಿಬಸವನಿಗೆ ಜಯಶ್ರೀ ಕೀಲಿ ಕೊಟ್ಟು, ಖಾಲಿ ವ್ಯಾನಿನಲ್ಲಿ ಕೂರಲಾರೆ ಎಂದು ಬೈಕಿನಲ್ಲಿ ಖಾಜಾನ ಹಿಂದೆ ಕೂತಳು.

"ಏರಿ ಮ್ಯಾಲೆ ಹೋಗೋಣೇನು ಭಾಭಿ?" ಎಂದ ಖಾಜಾ.

"ಬಂದ ದಾರೀಲೇ ಹೋಗು."

ಬೀದಿಯ ನಡುವೆ ತಿಪ್ಪೇರುದ್ರಪ್ಪ ಒಬ್ಬನೇ ಇದ್ದ. ಕೇರಿಯವರು ಬಂದಿರಲಿಲ್ಲ, ಹೆಣ ಮಲಗಿದ ಜಾಗ ಮುಟ್ಟಲು ಅವನ ಕಡೆಯವರೂ ಬಂದಿರಲಿಲ್ಲ. ಪಂಚೆ ಎತ್ತಿ ಕಟ್ಟಿ, ಬನಿಯನ್ನಿನಲ್ಲಿ, ಎರಡೂ ಕೈಯಲ್ಲಿ ಹಾರೆ ಹಿಡಿದು ಉಬ್ಬಿಗೆ ಹೊಡೆಯುತ್ತಿದ್ದ. ಪದರದ ಮೇಲೆ ಪದರ ಹಾಕಿಸಿದ್ದ ಸಿಮೆಂಟು ಹೊಡೆತಕ್ಕೊಂದು ಚಕ್ಕೆಯಂತೆ ಏಳುತ್ತಿತ್ತು. ದಾಕ್ಷಾಯಣಮ್ಮ ಹೊಸ್ತಿಲಲ್ಲಿ ಅರಿಶಿನದ ನೀರಿನ ತಂಬಿಗೆ ಹಿಡಿದು, "ಬುಡದಿಂದ ತಗೀರಿ, ಬುಡದಿಂದ," ಎನ್ನುತ್ತಿದ್ದಳು.

ಖಾಜಾ ಬೈಕು ನಿಲ್ಲಿಸಿದ. "ದಾಟಿಸ್ಲೇನು? ಆರಾಮ ದಾಟತೈತಿ."

"ಬ್ಯಾಡ. ಅವ್ರನ್ನ ಮಲಗಿಸಿದ ಜಾಗ, ತುಳೀಬಾರದು. ಸಾವ್ಕಾರ್ರು ಮುಗಸ್ಲಿ, ಅವಸರಿಲ್ಲ."

ತಿಪ್ಪೇರುದ್ರಪ್ಪ ತಲೆ ಎತ್ತಿ ನೋಡಿದ. ಬೆವರು ಅವನ ವಿಭೂತಿಯನ್ನು ಇಳಿಸಿ ಹುಬ್ಬಿಗೆ ತಂದಿತ್ತು. ಬೈಕು ಬೀದಿಯ ನಡುವೆ ಗುಡುಗುಡು ಎನ್ನುತ್ತಲೇ ಇತ್ತು. ಜಯಶ್ರೀ ಮೆತ್ತೆಗೆ ಬೆನ್ನು ಕೊಟ್ಟು ಕೂತೇ ಇದ್ದಳು. ಅವನು ಅಂಗೈಗೆ ಉಗುಳಿಕೊಂಡು ಮತ್ತೆ ಹಾರೆ ಎತ್ತಿದ.