ನಾಕು ಒಳಗೆ, ಎಂಟು ಒಳಗೆ

"ಭುಜ ಇನ್ನೂ ಸ್ವಲ್ಪ ಹಿಂದಕ್ಕೆ ತಗೊಳ್ಳಪ್ಪ ಪ್ರಭು, ಕತ್ತು ಬಾಗ್ತಿದೆ," ಎಂದರು ಶಂಭುಲಿಂಗಪ್ಪ.

ಪ್ರಭುದೇವ ಹೆಂಡತಿಯ ಪಕ್ಕದಲ್ಲಿ ಮಂಡಿಯೂರಿ ಅವಳ ಭುಜವನ್ನು ಹಲಗೆಗೆ ಒತ್ತಿ ಹಿಡಿದಿದ್ದ. ಅವರ ಮನೆತನಗಳಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕೂರಿಸಿಯೇ ಮಣ್ಣಿಗೆ ಇಡುತ್ತಾರೆ. ಚಾಮರಾಜಪೇಟೆಯ ಆ ಹಳೇ ಮನೆಯ ನಡುಮನೆಯಲ್ಲಿ ರುದ್ರಾಣಿಯನ್ನು ಬಿಳಿ ಬಟ್ಟೆಯಿಂದ ಹಲಗೆಗೆ ಬಿಗಿಯುತ್ತಿದ್ದರು. ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಇಷ್ಟಲಿಂಗ. ಬದುಕಿದ್ದಷ್ಟು ದಿನ ಯಾರ ಮಾತಿಗೂ ಕತ್ತು ಬಾಗಿಸದ ಹೆಂಗಸು ಇವತ್ತು ಮಾತ್ರ ಹಟ ಹಿಡಿದವಳಂತೆ ಬಾಗಿಸುತ್ತಿದ್ದಳು. ಹಿಂದಿನ ದಿನ ಮಧ್ಯಾಹ್ನ ಎದೆನೋವು ಎಂದವಳು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿದ್ದಳು. ಪ್ರಭುದೇವ ಆಗ ಅಂಗಡಿಯಲ್ಲಿದ್ದ.

"ಕಣ್ಣು ಹೋದ್ಮೇಲೂ ಕಂಪ್ಯೂಟರ್ ಬಿಡಲಿಲ್ವಲ್ಲ ಮಹಾತಾಯಿ," ಎಂದರು ಪಕ್ಕದ ಮನೆಯ ಶಕುಂತಲಮ್ಮ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ. "ಪ್ರಭು ಅವಳಿಗೆ ಕಣ್ಣಾಗಿದ್ದ ಬಿಡಿ."

"ಅಂಥ ಗಂಡ ಯಾರಿಗೆ ಸಿಗ್ತಾನೆ?" ಎಂದರು ಶಂಭುಲಿಂಗಪ್ಪ. "ನನ್ನ ತಂಗಿ ಪುಣ್ಯ ಮಾಡಿದ್ಲು."

ಪ್ರಭುದೇವ ತಲೆ ಎತ್ತಲಿಲ್ಲ. ಆ ಮಾತು ಅವನಿಗೆ ಮುಳ್ಳಿನಂತೆ ಚುಚ್ಚಿತು. ಮಣ್ಣು ಬೀಳುವುದರೊಳಗೆ ಯಾರಿಗಾದರೂ ಹೇಳಿಬಿಡಬೇಕು, ಇಲ್ಲದಿದ್ದರೆ ಜೀವಮಾನವಿಡೀ ಅದನ್ನು ಹೊತ್ತುಕೊಂಡು ತಿರುಗಬೇಕು ಎಂದು ಅವನಿಗೆ ಬೆಳಗಿನಿಂದ ಅನ್ನಿಸುತ್ತಿತ್ತು. ಯಾರಿಗೆ ಹೇಳುವುದೆಂದು ಮಾತ್ರ ತಿಳಿದಿರಲಿಲ್ಲ.

*

ರುದ್ರಾಣಿ ಬಸವನಗುಡಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದಳು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಮೊದಲು ಬೋರ್ಡು ಮಸುಕಾಯಿತು, ಆಮೇಲೆ ವಿದ್ಯಾರ್ಥಿಗಳ ಮುಖ, ಕೊನೆಗೆ ಎಲ್ಲವೂ. ಕೆಲಸ ಬಿಟ್ಟಳು. ಆದರೆ ಕಾಲೇಜಿನ ಟೈಮ್‌ಟೇಬಲ್ ಹಾಕುವ ಪ್ರೋಗ್ರಾಮ್ ಅವಳೇ ಬರೆದದ್ದು. ಅದನ್ನು ಬೇರೆಯವರ ಕೈಗೆ ಕೊಡಲು ಅವಳು ಒಪ್ಪಲಿಲ್ಲ. ಪ್ರತಿ ಸೆಮಿಸ್ಟರಿಗೂ ಅದನ್ನು ತಿದ್ದುವ ಕೆಲಸವನ್ನು ಮನೆಗೆ ತರಿಸಿಕೊಂಡಳು.

ಪರದೆಯ ಮೇಲಿನ ಅಕ್ಷರಗಳನ್ನು ಕಂಪ್ಯೂಟರ್ ತಾನೇ ಓದಿ ಹೇಳುತ್ತಿತ್ತು. ಖಾಲಿ ಜಾಗವನ್ನು ಮಾತ್ರ ಹೇಳುತ್ತಿರಲಿಲ್ಲ. ಅವಳು ಬರೆಯುವ ಭಾಷೆಯಲ್ಲಿ ಸಾಲು ಎಷ್ಟು ಜಾಗ ಬಿಟ್ಟು ಒಳಗೆ ಶುರುವಾಗುತ್ತದೆ ಎನ್ನುವುದರಲ್ಲೇ ಅದರ ಅರ್ಥ. ನಾಲ್ಕು ಬಿಡುವ ಕಡೆ ಮೂರು ಬಿಟ್ಟರೆ ಇಡೀ ಪ್ರೋಗ್ರಾಮ್ ಮುಷ್ಕರ ಹೂಡುತ್ತದೆ.

"ರೀ, ಸ್ವಲ್ಪ ಬನ್ನಿ ಇಲ್ಲಿ. ಈ ಸಾಲು ಎಷ್ಟು ಒಳಗಿದೆ ನೋಡಿ."

ಪ್ರಭುದೇವನಿಗೆ ಕಂಪ್ಯೂಟರ್ ಎಂದರೆ ಏನೂ ತಿಳಿಯದು. ನಗರ್ತಪೇಟೆಯಲ್ಲಿ ಗುಂಡಿ, ಲೇಸು ಮಾರುವ ಅಂಗಡಿ ಅವನದು. ಗುಂಡಿಗಳನ್ನು ನಾಲ್ಕು ನಾಲ್ಕಾಗಿ ಸರಿಸಿ ಎಣಿಸುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಅದೇ ರಾಗದಲ್ಲಿ ಹೇಳುತ್ತಿದ್ದ: "ನಾಕು ಒಳಗೆ... ಎಂಟು ಒಳಗೆ... ಇದು ಮತ್ತೆ ನಾಕಕ್ಕೆ ಬಂತು." ಅವಳು ತಿದ್ದುತ್ತಿದ್ದಳು. ಮಕ್ಕಳಿಲ್ಲದ ಆ ಮನೆಯಲ್ಲಿ ಸಂಜೆಗಳಿಗೆ ಅದೊಂದು ಕೆಲಸವಾಯಿತು. ಜಗಳವೂ ಆಗುತ್ತಿತ್ತು. "ಗುಂಡಿ ಎಣಿಸೋ ಹಾಗೆ ಎಣಿಸ್ಬೇಡಿ, ಅಂದಾಜು ಹೇಳ್ಬೇಡಿ," ಎಂದು ಅವಳು ರೇಗುತ್ತಿದ್ದಳು. ಅವನು ಒಳಗೊಳಗೇ ಸುಖಪಡುತ್ತಿದ್ದ.

ಆಮೇಲೆ ಆರಾಧನಾ ಬಂದಳು. ರುದ್ರಾಣಿಯ ಹಳೇ ವಿದ್ಯಾರ್ಥಿನಿ, ಈಗ ಅದೇ ಕಾಲೇಜಿನಲ್ಲಿ ಮೇಡಂ. ಒಂದು ಭಾನುವಾರ ಕೂತು ಪ್ರೋಗ್ರಾಮ್ ಬರೆಯಲು ಹೊಸ ಎಡಿಟರ್ ಹಾಕಿಕೊಟ್ಟಳು. ಪ್ರಭುದೇವ ನೋಡುತ್ತಿದ್ದಂತೆ ಅದರಲ್ಲಿ ಎರಡು ಕಡೆ ಟಿಕ್ ಮಾಡಿದಳು. ಒಂದರಿಂದ, ಎಂಟರ್ ಒತ್ತಿದರೆ ಮುಂದಿನ ಸಾಲು ತಾನಾಗಿಯೇ ಎಷ್ಟು ಬೇಕೋ ಅಷ್ಟು ಒಳಗೆ ಹೋಗಿ ನಿಲ್ಲುತ್ತಿತ್ತು. ಇನ್ನೊಂದರಿಂದ, ಸಾಲು ಒಳಗೆ ಹೋದಷ್ಟೂ ಕಂಪ್ಯೂಟರ್ ಹೊರಡಿಸುವ ಸ್ವರ ಏರುತ್ತಿತ್ತು. ಎರಡು ಸಾಲು ಬರೆದು ನೋಡಿದ ರುದ್ರಾಣಿ ಚಪ್ಪಾಳೆ ತಟ್ಟಿ ನಕ್ಕಳು. ಕಣ್ಣು ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ಪ್ರಭುದೇವ ಕಂಡಿರಲಿಲ್ಲ.

ಅಂದಿನಿಂದ ಅವನನ್ನು ಯಾರೂ ಕರೆಯಲಿಲ್ಲ. ಸಂಜೆ ಬಂದರೆ, "ಊಟ ಮಾಡ್ಬಿಡಿ, ನಂದಿನ್ನೂ ಲೇಟಾಗುತ್ತೆ," ಎನ್ನುವಳು. ಅವನು ಕಾಫಿ ಲೋಟ ಹಿಡಿದು ನಡುಮನೆಯಲ್ಲಿ ಸುಮ್ಮನೆ ಕೂತಿರುತ್ತಿದ್ದ. ಒಳಗೆ ಸ್ವರಗಳು ಏರುತ್ತಿದ್ದವು, ಇಳಿಯುತ್ತಿದ್ದವು. ಒಂದು ಯಂತ್ರದ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಚಿಕ್ಕವನಾದೆನಲ್ಲ ಎಂದು ಅವನಿಗೇ ನಾಚಿಕೆಯಾಗುತ್ತಿತ್ತು. ನಾಚಿಕೆಪಟ್ಟುಕೊಂಡೇ, ಅವಳು ಸ್ನಾನಕ್ಕೆ ಹೋಗಿದ್ದಾಗ ಒಂದು ದಿನ, ಆ ಎರಡೂ ಟಿಕ್ಕುಗಳನ್ನು ತೆಗೆದುಬಿಟ್ಟ.

ಅಂದು ಸಂಜೆ ಒಳಗಿನಿಂದ ಕೂಗು ಬಂತು. "ರೀ, ಸ್ವಲ್ಪ ಬನ್ನಿ ಇಲ್ಲಿ."

*

ಮುಕ್ತಿವಾಹನ ಬೀದಿ ತಿರುವಿನಲ್ಲಿ ನಿಂತಿತ್ತು. ವಿಧಿ ನಡೆಸುವ ಅಯ್ಯನವರು ಬರುವುದು ತಡವಾಗಿ ಎಲ್ಲರೂ ಕಾಯುತ್ತಿದ್ದರು. ಆರಾಧನಾ ಅತ್ತು ಅತ್ತು ಕಣ್ಣು ಊದಿಸಿಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು. ಪ್ರಭುದೇವ ಅವಳ ಹತ್ತಿರ ಹೋಗಿ ನಿಂತ.

"ನಿನಗೊಂದು ವಿಷಯ ಹೇಳ್ಬೇಕಮ್ಮ. ನಿನಗೇ ಹೇಳ್ಬೇಕು. ನೀನು ಅವಳಿಗೆ ಮಾಡ್ಕೊಟ್ಟಿದ್ಯಲ್ಲ, ಸಾಲು ತಾನೇ ಒಳಗೆ ಹೋಗೋದು, ಸದ್ದು ಬರೋದು... ಅದನ್ನ ನಾನು ತೆಗೆದುಬಿಟ್ಟೆ."

ಆರಾಧನಾ ಮುಖ ಎತ್ತಿದಳು.

"ಎರಡು ವರ್ಷ ಆಯ್ತು. ಕೆಟ್ಟುಹೋಗಿದೆ ಅಂದ್ಕೊಂಡ್ಲು ಪಾಪ. ಹಗಲೆಲ್ಲ ಒಬ್ಳೇ ಕೂತು ಏನು ಒದ್ದಾಡಿದ್ಲೋ, ನಾನು ಬರೋವರೆಗೂ ಕೈಕಟ್ಟಿ ಕಾಯ್ತಿದ್ಲೋ. ಕಣ್ಣಿಲ್ಲದವಳ ಕೈಲಿದ್ದ ಕೋಲು ಕಿತ್ಕೊಂಡ್ಬಿಟ್ಟೆ ನಾನು. ಒಳಗೆ ಅವ್ರೆಲ್ಲ ನನ್ನ ಹೊಗಳ್ತಿದಾರೆ..." ದೊಡ್ಡವನು, ಮೀಸೆ ಬೆಳ್ಳಗಾದವನು, ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಅತ್ತ.

ಆರಾಧನಾ ಕಣ್ಣು ಒರೆಸಿಕೊಂಡಳು.

"ಸರ್, ಹೇಳ್ಬಾರ್ದು ಅಂತ ಮೇಡಂ ಆಣೆ ಹಾಕಿಸ್ಕೊಂಡಿದ್ರು," ಎಂದಳು. "ಅವರಿಗೆ ಗೊತ್ತಿತ್ತು."

"ಏನು?"

"ಮಾರನೇ ದಿನಾನೇ ಫೋನ್ ಮಾಡಿದ್ರು. ಎಡಿಟರ್ ಕೆಟ್ಟಿಲ್ಲ ಕಣೇ, ಇವ್ರು ಟಿಕ್ ತೆಗೆದಿದಾರೆ, ಎರಡೂ ಒಟ್ಟಿಗೆ ತಾನಾಗೇ ಹೋಗೋಕೆ ಸಾಧ್ಯ ಇಲ್ಲ ಅಂತ. ಇಪ್ಪತ್ತು ವರ್ಷ ಲ್ಯಾಬ್ ನೋಡ್ಕೊಂಡೋರು ಸರ್, ನಮ್ಮ ಕಳ್ಳತನಾನೆಲ್ಲ ಹಿಡೀತಿದ್ರು. ನಿಮ್ಮದು ಗೊತ್ತಾಗಲ್ವಾ?"

"ಮತ್ತೆ ಯಾಕೆ ಬೈಲಿಲ್ಲ ನನ್ನ?"

"ಬೈದ್ರು. ನನ್ನ ಹತ್ರ. ಒಂದು ವಾರ ಬೈದ್ರು." ಆರಾಧನಾಳ ಅಳುವಿನಲ್ಲೇ ಸಣ್ಣ ನಗೆ ಬಂತು. "ನಾನೇ ಬಂದು ಸರಿ ಮಾಡ್ಕೊಡ್ತೀನಿ ಅಂದೆ. ಬೇಡ, ಆನ್ ಮಾಡೋಕೂ ಆಫ್ ಮಾಡೋಕೂ ಕೀಬೋರ್ಡಲ್ಲಿ ಒಂದು ಕೀ ಇಟ್ಕೊಡು ಸಾಕು ಅಂದ್ರು. ನೀವು ಅಂಗಡಿಗೆ ಹೋದ್ಮೇಲೆ ಆನ್ ಮಾಡ್ಕೋತಿದ್ರು. ಟೈಮ್‌ಟೇಬಲ್ ಕೆಲಸ ಎಲ್ಲ ಹಗಲೇ ಮುಗಿದಿರ್ತಿತ್ತು. ಸಂಜೆ ಗೇಟಿನ ಚಿಲಕ ಸದ್ದಾಗುತ್ತಲ್ಲ, ಆಗ ಆಫ್ ಮಾಡೋರು. ನೀವು ಚಪ್ಪಲಿ ಬಿಟ್ಟು ಒಳಗೆ ಬರೋಷ್ಟರಲ್ಲಿ ಎರಡು ಸಾಲು ಬೇಕಂತಲೇ ಕೆಡಿಸಿ ಇಟ್ಟಿರೋರು."

ಪ್ರಭುದೇವ ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತ.

"ಒಂದೊಂದ್ಸಲ ಬಿರಬಿರನೆ ಬಂದ್ಬಿಡ್ತಾರೆ ಕಣೇ, ಕೀ ಸಿಗೋದೇ ಇಲ್ಲ, ಎದೆ ಡವಡವ ಅನ್ನುತ್ತೆ, ಅಂತ ಮೇಡಂ ನಗೋರು. ನಾನು, ಯಾಕೆ ಮೇಡಂ ಇಷ್ಟೆಲ್ಲ ಅಂದ್ರೆ, ಇರ್ಲಿ ಬಿಡು, ಪಕ್ಕದಲ್ಲಿ ಕೂತ್ಕೋತಾರಲ್ಲ ಅಂದ್ರು."

"ಅಯ್ಯನವರು ಬಂದ್ರು, ಬಾರಪ್ಪ ಪ್ರಭು," ಎಂದು ಒಳಗಿನಿಂದ ಶಂಭುಲಿಂಗಪ್ಪ ಕೂಗಿದರು.

*

ರುದ್ರಭೂಮಿಯಲ್ಲಿ ಗುಂಡಿಯ ಒಳಗೋಡೆಗೆ ಗೂಡು ತೋಡಿದ್ದರು. ಅವಳನ್ನು ಅದರೊಳಗೆ ಕೂರಿಸಿ, ಸುತ್ತಲೂ ವಿಭೂತಿ, ಬಿಲ್ವಪತ್ರೆ ತುಂಬಿದರು. ಪ್ರಭುದೇವನ ಸರದಿ ಬಂದಾಗ ಅವನು ಹಿಡಿ ಮಣ್ಣು ಹಿಡಿದು ಬಹಳ ಹೊತ್ತು ನಿಂತ. ಕ್ಷಮೆ ಕೇಳಬೇಕೆಂದು ಬೆಳಗಿನಿಂದ ಜೋಡಿಸಿಕೊಂಡಿದ್ದ ಮಾತುಗಳು ಈಗ ಬೇಕಿರಲಿಲ್ಲ. ಎರಡು ವರ್ಷ ಅವಳು ತನ್ನನ್ನು ಆಟ ಆಡಿಸಿದಳಲ್ಲ ಎಂಬ ಹುಸಿಮುನಿಸು, ಅದರ ಹಿಂದೆಯೇ ತಡೆಯಲಾರದ ದುಃಖ, ಎರಡೂ ಒಟ್ಟಿಗೆ ಬಂದವು. ಭಾವ ಶಂಭುಲಿಂಗಪ್ಪ ಮೊಣಕೈ ಹಿಡಿದು, "ಹಾಕಪ್ಪ," ಎಂದ ಮೇಲೆ ಮಣ್ಣು ಹಾಕಿದ.

ಎಲ್ಲರೂ ಹಿಂದಿರುಗಿದಾಗ ದೀಪ ಹಚ್ಚುವ ಹೊತ್ತು. ಕಾಲು ತೊಳೆದು ಒಳಗೆ ಬರಲೆಂದು ಶಕುಂತಲಮ್ಮ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದರು. ಉಳಿದವರು ತೆರೆದ ಗೇಟಿನಿಂದ ಒಬ್ಬೊಬ್ಬರಾಗಿ ಒಳಗೆ ಹೋದರು. ಕೊನೆಯಲ್ಲಿ ಬಂದ ಪ್ರಭುದೇವ ಗೇಟನ್ನು ಎಳೆದು ಮುಚ್ಚಿದ. ತಾನು ಹೊರಗೇ ಉಳಿದ. ಆಮೇಲೆ ಚಿಲಕವನ್ನು ಎತ್ತಿ, ಬೀದಿಯ ಆ ತುದಿಗೂ ಕೇಳುವಷ್ಟು ಜೋರಾಗಿ ಬಡಿದ.

"ಯಾಕಪ್ಪ ಪ್ರಭು, ಅಲ್ಲೇ ನಿಂತ್ಬಿಟ್ಟೆ? ಬಾ," ಎಂದರು ಶಕುಂತಲಮ್ಮ.

"ಒಂದ್ನಿಮಿಷ ತಡೀರಿ," ಎಂದ ಅವನು, ಕತ್ತಲು ತುಂಬಿದ ಅವಳ ಕೋಣೆಯ ಕಿಟಕಿ ನೋಡುತ್ತಾ. "ಬೇಗ ಹೋಗ್ಬಾರ್ದು."